ನೂರ ಇಪ್ಪತ್ತೊಂಬತ್ತು ಗ್ರಾಂ ಸೀಸ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿಗಳ ಹುಳುಕು ಹಿಡಿದವರನ್ನು ಜನ ನಿವೃತ್ತಿಯ ನಂತರವೂ ತೂಕದ ಸಾಹೇಬರು ಎಂದೇ ಕರೆಯುತ್ತಿದ್ದರು. ಸಾಹೇಬರಿಗೆ ಆ ಹೆಸರಿನ ಮೇಲೆ ಬೇಸರವಿರಲಿಲ್ಲ. ಬೇಸರವೆಲ್ಲ ರೈಫಲ್ ಕ್ಲಬ್ಬಿನ ಕಾರ್ಯದರ್ಶಿಯ ಮೇಲೆ. ಹನ್ನೊಂದು ವರ್ಷದಿಂದ ಹಿರಿಯರ ತಂಡದಲ್ಲಿ ಸಾಹೇಬರ ಹೆಸರು ಮೊದಲನೆಯದು. ಈ ಸಲ ಆ ಮನುಷ್ಯ ಪಟ್ಟಿ ಬರೆಯುತ್ತ ಪೆನ್ನು ಕಚ್ಚಿಕೊಂಡು, "ಹೆಸರೇನೋ ಬರ್ದಿದೀನಿ ಸಾರ್. ಆದ್ರೆ ಒಂದ್ಸಲ ಕಣ್ಣು ತೋರಿಸ್ಕೊಂಡು ಬಂದ್ಬಿಡಿ" ಎಂದಿದ್ದ. ಹಾಗೆ ನೋಡಿದರೆ ಅವನ ಅಜ್ಜನ ಅಂಗಡಿಯ ತಕ್ಕಡಿಗೂ ಸಾಹೇಬರೇ ಮುದ್ರೆ ಒತ್ತಿದವರು!

ತಪ್ಪು ತಮ್ಮ ಕಣ್ಣಿನದಲ್ಲ, ಕ್ಲಬ್ಬಿನಲ್ಲಿ ಗುರಿಯ ಹಿಂದಿರುವ ಮಣ್ಣಿನ ದಿಬ್ಬದ್ದು ಎಂದು ಸಾಹೇಬರು ಆಗಲೇ ತೀರ್ಪು ಕೊಟ್ಟಾಗಿತ್ತು. ಹೊಡೆದ ಗುಂಡೆಲ್ಲ ಮಣ್ಣಿನಲ್ಲಿ ಹೂತು ಹೋದರೆ ಯಾರು ಎಷ್ಟು ಹೊಡೆದರು ಎಂದು ಕೇಳುವವರು ಯಾರು? ಹೋದ ಗುಂಡು ಒಂದೂ ಬಿಡದೆ ವಾಪಸ್ ಕೊಡುವ ಪೆಟ್ಟಿಗೆ ಬೇಕು. ಅದನ್ನು ಮನೆಯಲ್ಲೇ ಮಾಡಿ, ಬಿದ್ದ ಸೀಸವನ್ನು ಕರಗಿಸಿ, ಅದರಿಂದಲೇ ಹೊಸ ಗುಂಡು ಎರಕ ಹೊಯ್ದು, ಕಾರ್ಯದರ್ಶಿಯ ಮೇಜಿನ ಮೇಲೆ ತೂಕ ಮಾಡಿ ಇಟ್ಟರೆ ಅವನ ಬಾಯಿ ತಾನಾಗಿ ಮುಚ್ಚುತ್ತದೆ.

ಪೆಟ್ಟಿಗೆ ಮಾತ್ರ ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಬೇಕು. ದಪ್ಪ ಹಲಗೆಯ ಚೌಕಟ್ಟು, ಅಗಲ ಒಂದೇ ಒಂದು ಅಡಿ. ಒಳಗೆ ಓರೆಯಾಗಿ ನಿಲ್ಲಿಸಿದ ಉಕ್ಕಿನ ತಗಡು. ಅದರ ಮುಂದೆ ಪಂಕ್ಚರ್ ಅಂಗಡಿಯಿಂದ ತಂದ ಹಳೆ ಟೈರಿನ ಚೂರುಗಳು. ಗುಂಡು ರಬ್ಬರಿನಲ್ಲಿ ಸುಸ್ತಾಗಿ, ತಗಡಿಗೆ ಬಡಿದು, ಕೆಳಗಿನ ಡ್ರಾಯರಿಗೆ ಬೀಳಬೇಕು. "ಇಷ್ಟು ಸಣ್ಣದು ಸಾಕಾ? ಸ್ವಲ್ಪ ದೊಡ್ಡದು ಮಾಡ್ಬಾರ್ದಿತ್ತಾ?" ಎಂದು ಹೆಂಡತಿ ಕೇಳಿದಳು. "ಗುರಿ ತಪ್ಪೋರಿಗೆ ದೊಡ್ಡದು ಬೇಕು ಕಣೇ" ಎಂದು ಸಾಹೇಬರು ಮೂಗು ಮುರಿದರು.

ಪೆಟ್ಟಿಗೆಯನ್ನು ಹಿತ್ತಲಿನ ಉದ್ದನೆಯ ಶೆಡ್ಡಿನ ಕೊನೆಗೆ, ಪ್ಲೈವುಡ್ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾಯಿತು. ಸದ್ದು ಕಡಿಮೆಯಾಗಲೆಂದು ಹಿಂದೆ ಗೋಣಿತಾಟು ಇಳಿಬಿಟ್ಟರು. ಆ ಗೋಡೆಯ ಆಚೆ ಹೆಂಡತಿಯ ಹೊಲಿಗೆ ಕೋಣೆ. ಶಾಲೆಯ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಹತ್ತು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಸಾಹೇಬರು ದಿನವೂ ಬೆಳಿಗ್ಗೆ ಏರ್ ರೈಫಲ್ಲಿನಿಂದ ಇಪ್ಪತ್ತೈದು ಗುಂಡು ಹೊಡೆಯತೊಡಗಿದರು.

ಪೆಟ್ಟಿಗೆಯ ಮುಂದೆ ಅಂಟಿಸಿದ ಕಾಗದದ ಮೇಲಿನ ಕಪ್ಪು ಗುರಿ ಅವರಿಗೆ ಎರಡೆರಡಾಗಿ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಗಾಬರಿ ಬೀಳುತ್ತಿದ್ದರು. ಸಾಹೇಬರು ಅಚ್ಚು ಹಾಕಿದ ಪ್ರೆಸ್ಸಿನವರನ್ನು ಬೈದು, ಎರಡರಲ್ಲಿ ಯಾವುದು ಹೆಚ್ಚು ಕಪ್ಪಗಿದೆಯೋ ಅದಕ್ಕೆ ಹೊಡೆಯುತ್ತಿದ್ದರು. ಇಪ್ಪತ್ತೈದು ಹೊಡೆದ ಮೇಲೆ ಕಾಗದದಲ್ಲಿ ಹದಿನೆಂಟೋ ಹತ್ತೊಂಬತ್ತೋ ತೂತು. ಉಳಿದವು? ಸಾಹೇಬರ ಬಳಿ ಉತ್ತರ ಸಿದ್ಧವಿತ್ತು: ಒಂದು ಗುಂಡು ಹೋದ ತೂತಿನಲ್ಲೇ ಇನ್ನೊಂದು ಹೋಗಿದೆ. ಇಂಥ ಕೈಚಳಕ ತಮಗಿದೆಯೆಂದು ಅವರಿಗೇ ಇಷ್ಟು ದಿನ ಗೊತ್ತಿರಲಿಲ್ಲ.

ಇಪ್ಪತ್ತು ದಿನಕ್ಕೆ ಐನೂರು ಗುಂಡಿನ ಡಬ್ಬಿ ಖಾಲಿಯಾಯಿತು. ಗುಂಡೊಂದಕ್ಕೆ ಒಂದು ಗ್ರಾಂ. ಸೀಸ ಕರಗಿಸುವ ಮೊದಲು ತೂಕ ಮಾಡದಿದ್ದರೆ ಅವರೆಂಥ ಸಾಹೇಬರು? ಡ್ರಾಯರ್ ಎಳೆದು ತಕ್ಕಡಿಗೆ ಸುರಿದರು. ಮುನ್ನೂರ ಎಪ್ಪತ್ತೊಂದು ಗ್ರಾಂ.

ತಕ್ಕಡಿ ಕೆಟ್ಟಿದೆ ಎಂದುಕೊಂಡು ಅದನ್ನು ಇಲಾಖೆಯ ರೀತಿಯಲ್ಲೇ ಪರೀಕ್ಷೆ ಮಾಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ರಬ್ಬರ್ ಚೂರುಗಳಿಗೆ ಅಂಟಿಕೊಂಡಿರಬಹುದೆಂದು ಎಲ್ಲವನ್ನೂ ಬಕೆಟ್ಟಿನಲ್ಲಿ ತೊಳೆದರು. ಬಕೆಟ್ಟಿನ ತಳದಲ್ಲಿ ಕಪ್ಪು ನೀರು ಸಿಕ್ಕಿತು. ಪೆಟ್ಟಿಗೆಯ ಮೊಳೆ ಬಿಚ್ಚಿ, ತಗಡು ಕಳಚಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಆ ಕಣ್ಣು ಎಷ್ಟು ಹುಡುಕಬಹುದೋ ಅಷ್ಟು. ನೂರ ಇಪ್ಪತ್ತೊಂಬತ್ತು ಗ್ರಾಂ ಎಲ್ಲಿಯೂ ಇಲ್ಲ. ಇಂಥ ಕೊರತೆ ಕಂಡಾಗಲೆಲ್ಲ ಅವರು ಅಂಗಡಿಯವನನ್ನು ಅನುಮಾನಿಸಿದವರು. ಇಲ್ಲಿ ಅಂಗಡಿಯವನಿಲ್ಲದ ಕಾರಣ ಹೆಂಡತಿಯನ್ನು ಅನುಮಾನಿಸಿದರು.

ಅವಳು ಅಡುಗೆಮನೆಯಲ್ಲಿದ್ದಳು. ಕೆಲವು ದಿನದಿಂದ ಹೊಲಿಗೆ ಯಂತ್ರವೂ ಅಲ್ಲಿಯೇ ಇತ್ತು. ಬೆಳಕು ಚೆನ್ನಾಗಿದೆ ಎಂದು ಅವಳು ಹೇಳಿದ್ದನ್ನು ಸಾಹೇಬರು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

"ಶೆಡ್ಡಿಂದ ಸೀಸ ಏನಾದ್ರೂ ತಗೊಂಡ್ಯಾ?"

"ಹೂಂ. ಒಂದು ಸರ ಮಾಡಿಸ್ಕೊಳ್ಳೋಣ ಅಂತ."

"ತಮಾಷೆ ಬೇಡ. ನೂರ ಇಪ್ಪತ್ತೊಂಬತ್ತು ಗ್ರಾಂ ಕಮ್ಮಿ ಬಂದಿದೆ."

ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಕಪಾಟಿನಿಂದ ಗುಂಡಿ ಹಾಕಿಡುವ ಡಬ್ಬಿ ತೆಗೆದು ಅವರ ಕೈಗಿಟ್ಟಳು. ಅದರಲ್ಲಿ ಚಪ್ಪಟೆಯಾದ, ಸೊಟ್ಟಗಾದ ಗುಂಡುಗಳು. ಸಾಹೇಬರು ಅವನ್ನೂ ತೂಕ ಮಾಡಿದರು. ನೂರ ಇಪ್ಪತ್ತನಾಲ್ಕು.

"ಇನ್ನೂ ಐದು?"

"ಹೊಲಿಗೆ ಕೋಣೇಲಿ ನೋಡಿ. ಅವು ನಾನು ಗೋಡೆಗೆ ಹಾಸಿಗೆ ಒರಗಿಸೋಕ್ಕಿಂತ ಮುಂಚಿನವು. ತೆಗೀಲಿಲ್ಲ, ಹಾಗೇ ಬಿಟ್ಟಿದೀನಿ."

ಸಾಹೇಬರು ಹೊಲಿಗೆ ಕೋಣೆಗೆ ಹೋದರು. ಪ್ಲೈವುಡ್ಡಿಗೆ ಹಳೆಯ ಹತ್ತಿ ಹಾಸಿಗೆ ಆನಿಸಿತ್ತು. ಅದನ್ನು ಸರಿಸಿ ಗೋಡೆಯ ಮೇಲೆ ಅಂಗೈ ಆಡಿಸಿದರು. ಗೆದ್ದಲು ತಿಂದು ತೆಳುವಾಗಿದ್ದ ಹಲಗೆಯಲ್ಲಿ ಕಣ್ಣಿಗೆ ಕಾಣದ ತೂತುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು. ಕತ್ತರಿಸಿಟ್ಟ ಬಟ್ಟೆಯ ಗಂಟಿನಲ್ಲಿ ನಾಲ್ಕು ಗುಂಡು ಇದ್ದವು. ಐದನೆಯದು ಬಹಳ ಹೊತ್ತು ಸಿಗಲಿಲ್ಲ. ಕೊನೆಗೆ ಅವಳು ಗೋಡೆಗೆ ಬೆನ್ನು ಮಾಡಿ ಕೂರುವ ಕುರ್ಚಿಯ ಬೆನ್ನಿಗೆ ಕಟ್ಟಿದ ದಿಂಬನ್ನು ಒತ್ತಿದಾಗ ಗಟ್ಟಿಯಾಗಿ ಏನೋ ತಾಗಿತು.

ಸಾಹೇಬರು ಆ ಕುರ್ಚಿಯಲ್ಲಿ ಕುಳಿತು ನೋಡಿದರು. ದಿಂಬಿನ ತೂತು ಅವರ ಬೆನ್ನಿನ ಮೇಲ್ಭಾಗಕ್ಕೆ ಬಂತು. ಅವಳು ಅವರಿಗಿಂತ ಒಂದು ಗೇಣು ಕುಳ್ಳಿ. ಜೀವಮಾನವಿಡೀ ಅಳೆದವರಿಗೆ ಇದನ್ನು ಅಳೆಯಲು ಟೇಪು ಬೇಕಾಗಲಿಲ್ಲ: ಅವಳಿಗಾದರೆ ಅದು ಕುತ್ತಿಗೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸೀಮೆಸುಣ್ಣ ತರೋಕೆ ಎದ್ದಿದ್ದೆ. ವಾಪಸ್ ಬಂದು ನೋಡ್ತೀನಿ, ದಿಂಬು ಹರಿದಿದೆ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಅವತ್ತೇ ಹೇಳ್ದೆ. ಗೋಡೆ ತೂತಾಗ್ತಿದೆ ರೀ ಅಂದೆ. ಗೆದ್ದಲು, ಸೀಮೆಎಣ್ಣೆ ಹಚ್ಚು ಅಂದ್ರಿ. ಕಣ್ಣು ತೋರಿಸಿ ಅಂದ್ರೆ ಎರಡು ದಿನ ಮಾತು ಬಿಟ್ರಿ. ಆಮೇಲೆ ನಾನೂ ಸುಮ್ಮನಾದೆ. ಹೇಗೂ ಒಂದಿನ ತೂಕ ಮಾಡ್ತೀರಿ, ತಕ್ಕಡಿ ಹೇಳಿದ್ರೆ ನಂಬ್ತೀರಿ ಅಂತ."

ಸಾಹೇಬರಿಗೆ ನೆನಪಾಯಿತು. ಸೀಮೆಎಣ್ಣೆ ಎಷ್ಟು ಮಿಲಿ ಹಚ್ಚಬೇಕೆಂದೂ ಹೇಳಿದ್ದರು. ಅವರಿಗೆ ತಮ್ಮ ಮೇಲೆ ಹುಟ್ಟಿದ ಅಸಹ್ಯವನ್ನು ಯಾರ ಮೇಲೂ ಹೊರಿಸಲು ಈ ಸಲ ದಾರಿಯಿರಲಿಲ್ಲ.

ಅವರು ಫೋನ್ ಎತ್ತಿಕೊಂಡು, ಅಂಕಿಗಳು ಎರಡೆರಡಾಗಿ ಕಂಡದ್ದರಿಂದ ಅದನ್ನು ಹೆಂಡತಿಗೆ ಕೊಟ್ಟು, "ಕ್ಲಬ್ಬಿಗೆ ಫೋನ್ ಹಾಕು" ಎಂದರು.

"ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಪ್ಪ."

ಕಾರ್ಯದರ್ಶಿ ಗಾಬರಿಯಾದ. "ಅಯ್ಯೋ ಬೇಜಾರಾಯ್ತಾ ಸಾರ್? ನಾನೇನೋ ಸುಮ್ನೆ ಅಂದೆ. ಕಾರಣ ಅಂತ ಒಂದು ಕಾಲಮ್ ಬೇರೆ ಇದೆ. ಊರಲ್ಲಿಲ್ಲ ಅಂತ ಬರೀಲಾ? ಕೆಲಸದ ಒತ್ತಡ ಅಂತ?"

ಅವನು ನೀಡಿದ ಎರಡು ಸುಳ್ಳೂ ಮರ್ಯಾದಸ್ಥ ಸುಳ್ಳುಗಳೇ. ಸಾಹೇಬರು ಕ್ಷಣ ಹೊತ್ತು ಎರಡನ್ನೂ ತೂಗಿ ನೋಡಿದರು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು.

"ಕಣ್ಣು ಕಾಣಲ್ಲ ಅಂತ ಬರಿ" ಎಂದರು.