ಗೋಡೆಗೆ ಎರಡು ಬಡಿತ

ಪಾತ್ರೆ ತೊಳೆಯುವ ಮೆಷಿನ್ನು ಪ್ಲಗ್ ಕಿತ್ತಿಟ್ಟರೂ ಸದ್ದು ಮಾಡುತ್ತದೆ ಎಂದರೆ ಯಾರು ನಂಬುತ್ತಾರೆ? ಕಟ್ಟಿಕೊಂಡ ಗಂಡನೇ ನಂಬಲಿಲ್ಲ. "ನಿನ್ನ ಕಿವಿಗೇ ಏನೋ ಆಗಿದೆ, ಅದನ್ನ ಮೊದಲು ತೋರಿಸು" ಎಂದು ಪೇಪರಿನೊಳಗೆ ಮುಖ ಹುದುಗಿಸಿದ. ಆದರೂ ಕಿರಿಸೊಸೆ ಪಟ್ಟು ಬಿಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕರೆಸಿದಳು.

ಕಿರಿಸೊಸೆ ಎಂದರೆ ಹರೆಯದ ಹುಡುಗಿ ಎಂದುಕೊಳ್ಳಬೇಡಿ. ಕೂದಲು ನೆರೆತು, ಕನ್ನಡಕ ಬಂದು, ಅತ್ತೆ ತೀರಿಹೋಗಿ ವರ್ಷಗಳಾಗಿದ್ದರೂ ಆ ಬೀದಿಯವರಿಗೆ ಅವಳು ಕಿರಿಸೊಸೆಯೇ. ಹಿರಿಸೊಸೆ ಗೋಡೆಯ ಆಚೆಗಿದ್ದಳು. ಒಂದೇ ಮನೆಯನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಅದು ಜಗಳವಾಡಿ ಕಟ್ಟಿದ ಗೋಡೆಯಲ್ಲ. ಅವರವರ ಸಂಸಾರ ಅವರವರಿಗೆ ಇರಲಿ ಎಂದು ನಗುನಗುತ್ತಲೇ ಕಟ್ಟಿದ್ದು. ಅಡುಗೆಮನೆಯೂ ಸೀಳಿಹೋಯಿತು. ಇದಕ್ಕೆಲ್ಲ ಸೊಪ್ಪು ಹಾಕುವವರೇ ಆ ವಾರಗಿತ್ತಿಯರು? ಗೋಡೆಗೆ ಎರಡು ಸಲ ಬಡಿದರೆ 'ಹಿತ್ತಲಿಗೆ ಬಾ' ಎಂದರ್ಥ. ಆಚೆಯಿಂದಲೂ ಎರಡು ಬಡಿತ ಬಂದರೆ 'ಇಗೋ ಬಂದೆ'. ಹಿತ್ತಲ ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತರೆ ಊರ ಉಸಾಬರಿಯೆಲ್ಲ ಅಲ್ಲಿ ಇತ್ಯರ್ಥವಾಗಿ ಹೋಗುತ್ತಿತ್ತು.

ಆಮೇಲೆ ಅತ್ತೆ ಹೋದರು. ಅಣ್ಣನ ಪಾಲಿನಲ್ಲಿದ್ದ ಅವರು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿದರು. ಕೆಲಸ ಮುಗಿಸಿ ಬಂದ ತಮ್ಮನಿಗೆ ಸುದ್ದಿ ಹೇಳಿದ್ದು ಬಾಗಿಲ ಮುಂದೆ ನೆರೆದ ಜನ. "ಗೋಡೆ ಆಚೆ ನನ್ನ ತಾಯಿ ಸಾಯ್ತಿದ್ರೂ ನನಗೊಂದು ಮಾತು ಹೇಳಲಿಲ್ಲ" ಎಂದು ತಮ್ಮ. "ಹೇಳೋಕೆ ಪುರುಸೊತ್ತು ಎಲ್ಲಿತ್ತು, ಕೈಯಲ್ಲೇ ಪ್ರಾಣ ಹೋಯ್ತು" ಎಂದು ಅಣ್ಣ. ದುಃಖಕ್ಕೆ ಕೋಪದ ವೇಷ ಹಾಕುವುದರಲ್ಲಿ ಗಂಡಸರದು ಎತ್ತಿದ ಕೈ. ಅಂದಿನಿಂದ ಮಾತು ನಿಂತಿತು. ಹಿರಿಸೊಸೆ ಅದಾದ ಮೇಲೂ ಕೆಲವು ದಿನ ಗೋಡೆ ಬಡಿದಳು. ಕಿರಿಸೊಸೆ ಗಂಡನ ಮುಖ ನೋಡಿ ಸುಮ್ಮನಾದಳು. ಬಡಿತವೂ ಸುಮ್ಮನಾಯಿತು.

ಇಷ್ಟು ಹಿನ್ನೆಲೆ ಸಾಕು. ಮೆಕ್ಯಾನಿಕ್ ಬಂದ. ದಪ್ಪ ಮೀಸೆ, ಬಾಯಿ ತುಂಬ ಮಾತು. "ಏನಮ್ಮ ನಿಮ್ಮ ಮೆಷಿನ್ನಿನ ಕಷ್ಟ?" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಒಂದಲ್ಲ ಕಣಪ್ಪ. ತಂದಾಗಿಂದ ನೀರು ತುಂಬಿಕೊಳ್ಳುವಾಗ ದಬ್, ದಬ್ ಅಂತ ಗೋಡೆಗೆ ಗುದ್ದೋದು. ಅದು ಅಭ್ಯಾಸ ಆಗಿಹೋಗಿತ್ತು. ಈಗ ಒಂದು ವಾರದಿಂದ ಗುದ್ದೋದೂ ಇಲ್ಲ, ನೀರೂ ಬರಲ್ಲ. ನಲ್ಲಿ ಚಿತ್ರದ ಲೈಟು ಮಿಣಮಿಣ ಅಂತ ನಿಂತುಬಿಡುತ್ತೆ."

"ಮತ್ತೆ?"

ಅವಳು ಹಜಾರದ ಕಡೆ ನೋಡಿ ದನಿ ತಗ್ಗಿಸಿದಳು. "ನಗಬೇಡ. ಆಫ್ ಮಾಡಿ ಪ್ಲಗ್ ಕಿತ್ತರೂ ಒಳಗಿಂದ ಟಕ್ ಟಕ್ ಅನ್ನುತ್ತೆ."

ಅವನು ನಕ್ಕೇಬಿಟ್ಟ. ಆದರೆ ಕೆಲಸದಲ್ಲಿ ಅಚ್ಚುಕಟ್ಟು. ಮೆಷಿನ್ನನ್ನು ಮುಂದಕ್ಕೆಳೆದು ಪೈಪು ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿದ, ಇರಲಿಲ್ಲ. ಪೈಪಿನ ಬಾಯಿಯ ಪುಟಾಣಿ ಜರಡಿ ಬಿಚ್ಚಿ ಬೆಳಕಿಗೆ ಹಿಡಿದ. ಮಣ್ಣಿನ ಕಣವೂ ಇರಲಿಲ್ಲ. ಕೊನೆಗೆ ಪೈಪನ್ನು ಬಕೆಟ್ಟಿಗೆ ಬಿಟ್ಟು ನಲ್ಲಿ ತಿರುಗಿಸಿದ. ನೀರು ದಾರದಷ್ಟು ಸಣ್ಣಗೆ ಇಳಿಯಿತು. ಪಕ್ಕದಲ್ಲೇ ಸಿಂಕಿನ ನಲ್ಲಿ ಬಿಟ್ಟರೆ ಭೋರೆಂದು ಬಂತು.

"ಮೆಷಿನ್ ಚಿನ್ನದಂಥದ್ದು ಕಣಮ್ಮ. ಇದಕ್ಕೆ ನೀರು ಬರೋ ಲೈನೇ ಬೇರೆ. ಎಲ್ಲಿಂದ ಬರುತ್ತೆ?"

ಅವಳು ಉತ್ತರಿಸುವ ಮೊದಲೇ ಸದ್ದು ಬಂತು. ಟಕ್. ಟಕ್. ಪ್ಲಗ್ಗಿನ ವಯರು ನೆಲದ ಮೇಲೆ ಬಿದ್ದಿತ್ತು. ಮೆಕ್ಯಾನಿಕ್ಕಿನ ನಗು ಅಲ್ಲೇ ಉಡುಗಿತು. ಅವನು ಮೆಷಿನ್ನಿಗೆ ಕಿವಿಯಿಟ್ಟ, ಆಮೇಲೆ ಗೋಡೆಗೆ ಕಿವಿಯಿಟ್ಟ.

"ಇದು ಮೆಷಿನ್ ಅಲ್ಲ. ಗೋಡೆ. ಆಚೆ ಯಾರಿದ್ದಾರೆ?"

"ನಮ್ಮ ಭಾವನ ಮನೆ" ಎಂದಳು ಕಿರಿಸೊಸೆ. ಹಳೆಯ ಪೈಪು ಆ ಕಡೆಯಿಂದಲೇ ಬರುತ್ತದೆ, ಅದರ ವಾಲ್ವೂ ಅಲ್ಲಿಯೇ ಇದೆ ಎಂಬುದು ಆಗ ನೆನಪಾಗಿ ಅದನ್ನೂ ಹೇಳಿದಳು.

ಹಜಾರದಿಂದ ಗಂಡನ ದನಿ ಬಂತು. "ಬೇಕಂತಲೇ ತಿರುಗಿಸಿರ್ತಾನೆ! ನೀರಿಗೂ ಹೊಟ್ಟೆಕಿಚ್ಚು. ನಾನಂತೂ ಆ ಮೆಟ್ಟಿಲು ಹತ್ತಲ್ಲ."

"ನೀವ್ಯಾಕೆ ಹತ್ತಬೇಕು ಸ್ವಾಮಿ, ನನಗೆ ಕಾಲಿಲ್ವಾ?" ಎಂದು ಮೆಕ್ಯಾನಿಕ್ಕೇ ಎದ್ದು ಹೋದ.

ಹೋದವನು ಬೇಗ ಬರಲಿಲ್ಲ. ಬಂದಾಗ ಅವನ ಬಾಯಲ್ಲಿ ಮೊದಲಿನ ಮಾತಿನ ಓಘವಿರಲಿಲ್ಲ. ಸ್ಪಾನರನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತ.

"ಯಜಮಾನರೇ ತಿರುಗಿಸಿದ್ದಂತೆ ಕಣಮ್ಮ. ಹೊಟ್ಟೆಕಿಚ್ಚಿಗಲ್ಲ. ಅವರ ಮನೆಯಮ್ಮ ಹಾಸಿಗೆ ಹಿಡಿದಿದ್ದಾರೆ. ಡಾಕ್ಟ್ರು ಕೈಬಿಟ್ಟಿದ್ದಾರಂತೆ. ಮಂಚ ಈ ಗೋಡೆ ಪಕ್ಕಕ್ಕೇ ಹಾಕಿ ಅಂತ ಆಯಮ್ಮನೇ ಹಠ ಮಾಡಿದ್ರಂತೆ. ನಿಮ್ಮ ಮೆಷಿನ್ ದಬ್ ದಬ್ ಅಂದಾಗಲೆಲ್ಲ 'ಕರೀತಿದ್ದಾಳೆ, ನಾನು ಹೋಗಬೇಕು' ಅಂತ ಏಳೋಕೆ ಹೋಗ್ತಿದ್ರಂತೆ. ಹೋದ ವಾರ ಎದ್ದು ಬಿದ್ರಂತೆ. ಅದಕ್ಕೇ ಇವರು ನೀರು ಕಮ್ಮಿ ಮಾಡಿ ಸದ್ದು ನಿಲ್ಲಿಸಿದ್ದು. ಈಗ ಸದ್ದು ಬರ್ತಿಲ್ವಲ್ಲ ಅಂತ ಆಯಮ್ಮನೇ ಚಮಚ ಹಿಡಿದು ಗೋಡೆ ಬಡೀತಾರೆ."

ಕಿರಿಸೊಸೆ ಗೋಡೆಯತ್ತ ತಿರುಗಿದಳು. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ತನಗೆ ಗೊತ್ತೇ ಇಲ್ಲ! ಯಾರೂ ಹೇಳಲಿಲ್ಲ ಎಂದು ಸಿಟ್ಟು ಬಂತು. ತಾನು ಯಾರನ್ನು ಕೇಳಿದ್ದೆ ಎಂದುಕೊಂಡಾಗ ಆ ಸಿಟ್ಟಿಗೆ ನಿಲ್ಲಲು ನೆಲವೇ ಸಿಗಲಿಲ್ಲ. ಇಷ್ಟು ತಿಂಗಳು ತಾನು ಎಂಜಲು ತಟ್ಟೆ ಜೋಡಿಸಿ ಗುಂಡಿ ಒತ್ತಿದಾಗಲೆಲ್ಲ ಅಕ್ಕ ಅದನ್ನು ತನ್ನ ಕರೆ ಎಂದುಕೊಂಡಿದ್ದಳು.

"ವಾಲ್ವ್ ಪೂರ್ತಿ ತೆಗೆದು ಬಂದಿದ್ದೀನಿ" ಎಂದ ಮೆಕ್ಯಾನಿಕ್. "ಗೋಡೆಯೊಳಗೆ ಪೈಪು ಸಡಿಲ ಇದೆ. ಒಂದು ಕ್ಲಾಂಪು ಹಾಕಿ ಬಿಗಿದರೆ ದಬ್ ದಬ್ ಇರಲ್ಲ. ಮೊದಲು ಒಂದು ಸಲ ಓಡಿಸಿ ನೋಡ್ತೀನಿ."

ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲ ಕಡೆ ಹೊರಟಿದ್ದಳು. ಗಂಡ ಪೇಪರು ಹಿಡಿದೇ ಎದ್ದು ಬಂದು ಅಡ್ಡ ನಿಂತ. ಮೆಕ್ಯಾನಿಕ್ ಹೇಳಿದ್ದೆಲ್ಲ ಅವನ ಕಿವಿಗೂ ಬಿದ್ದಿತ್ತು.

"ಎಲ್ಲಿಗೆ?"

"ಅಕ್ಕ ಕರೀತಿದ್ದಾಳೆ."

ಅವನು ಪೇಪರು ಮಡಚಿದ. ಪಕ್ಕಕ್ಕೆ ಸರಿದ.

ಭಾವ ಅವಳನ್ನು ಕಂಡು ಬಾಗಿಲಲ್ಲೇ ಕಲ್ಲಾದರು. ಅವಳು ಅವರನ್ನು ದಾಟಿ ಒಳಗೆ ಹೋದಳು. ಒಳಗೆ ಗೋಡೆಗೆ ಒತ್ತಿದ ಮಂಚ, ಹೊದಿಕೆಯ ಕೆಳಗೆ ಮನುಷ್ಯರಿದ್ದಾರೋ ಇಲ್ಲವೋ ಎನ್ನುವಷ್ಟು ಸಣ್ಣ ದೇಹ. ದಿಂಬಿನ ಪಕ್ಕದಲ್ಲಿ ಸ್ಟೀಲಿನ ಚಮಚ. ಅದು ತಾಗಿ ತಾಗಿ ಗೋಡೆಯ ಸುಣ್ಣ ಅಲ್ಲೊಂದು ಕಡೆ ಎದ್ದುಹೋಗಿತ್ತು. ಮೊದಲು ಒಂದೇ ಕೈಯಲ್ಲಿ ತುಂಬಿದ ಕೊಡ ಎತ್ತುತ್ತಿದ್ದ ಅಕ್ಕ ಇವಳೇ ಏನು?

ಹಿರಿಸೊಸೆ ಕಣ್ಣು ತೆರೆದು ನೋಡಿ ಗುರುತು ಹಿಡಿದಳು.

"ಬಂದ್ಯಾ?" ಎಂದಳು. "ಎಷ್ಟು ಸಲ ಕರೆದೆ ನೀನು, ಪಾಪ. ದಿನಾ ಕರೆದೆ. ನನಗೇ ಬರೋಕಾಗ್ಲಿಲ್ಲ ಕಣೆ. ಬೇಜಾರು ಮಾಡ್ಕೋಬೇಡ."

ಅದು ಮೆಷಿನ್ನು ಅಕ್ಕ, ನಾನಲ್ಲ ಎನ್ನುವುದೇ? ಅವಳು ಮಂಚದ ಅಂಚಿಗೆ ಕೂತು ಆ ಒಣಗಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅದಕ್ಕೇ ನಾನೇ ಬಂದೆ ಅಕ್ಕ. ತಡ ಮಾಡಿದೆ. ಬೈಯಿ ನನ್ನ."

"ಬೈಯೋಕೂ ಶಕ್ತಿ ಬೇಕಲ್ಲೇ" ಎಂದು ಅಕ್ಕ ನಕ್ಕಳು. ಆ ನಗು ಮಾತ್ರ ಹಳೆಯದೇ ಇತ್ತು.

ಅಷ್ಟರಲ್ಲಿ ಗೋಡೆ ಗುದ್ದಿತು. ದಬ್. ದಬ್. ಮೆಕ್ಯಾನಿಕ್ ಮೆಷಿನ್ನು ಓಡಿಸಿದ್ದ.

ಹಿರಿಸೊಸೆ ಬೆಚ್ಚಿ ಅವಳನ್ನು ನೋಡಿದಳು, ಗೋಡೆಯನ್ನು ನೋಡಿದಳು. "ನೀನು ಇಲ್ಲೇ ಇದ್ದೀಯಲ್ಲೇ. ಮತ್ತೆ ಅದ್ಯಾರು?"

ಭಾವ ಬಾಗಿಲ ಬಳಿಯೇ ನಿಂತಿದ್ದರು. ಸತ್ಯ ಅವರಿಗೆ ಗೊತ್ತಿತ್ತು. ಕಿರಿಸೊಸೆ ಹೊದಿಕೆ ಸರಿಮಾಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಪಾಪ.

"ನಿನ್ನ ಮೈದುನ" ಎಂದಳು. "ಅವರೇ ಬಡೀತಿದ್ದಾರೆ ಅಕ್ಕ."

ಕಾಯಿಲೆಯ ಕಣ್ಣುಗಳು ಅರಳಿದವು. "ನೋಡಿ, ಕೇಳಿಸ್ತಾ?" ಎಂದು ಗಂಡನ ಕಡೆ ತಿರುಗಿದಳು. "ನಿಮ್ಮ ತಮ್ಮ ಕರೀತಿದ್ದಾನೆ. ಕಂಬದ ಹಾಗೆ ನಿಂತ್ರೆ ಹೇಗೆ? ಉತ್ತರ ಕೊಡಿ."

ಭಾವ ಕಿರಿಸೊಸೆಯ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅವರು ನಿಧಾನವಾಗಿ ಬಂದು ದಿಂಬಿನ ಪಕ್ಕದ ಚಮಚ ಎತ್ತಿಕೊಂಡರು. ಗೋಡೆಗೆ ಎರಡು ಸಲ ಬಡಿದರು.

ಆಚೆ ಮೆಷಿನ್ನಿನೊಳಗೆ ನೀರು ಸುತ್ತುವ ಸದ್ದು ಬಿಟ್ಟರೆ ಏನೂ ಇಲ್ಲ. ಮೂವರೂ ಗೋಡೆಯನ್ನೇ ನೋಡುತ್ತ ಕಾದರು. ಭಾವ ಚಮಚ ಕೆಳಗಿಡಲು ಬಾಗಿದಾಗ ಒಂದು ಬಡಿತ ಬಂತು. ಒಂದೇ. ಪೈಪಿನದಲ್ಲ, ಬರಿಗೈಯ ಗೆಣ್ಣಿನದು. ಬಡಿಯಬೇಕೋ ಬೇಡವೋ ಎಂದು ಅನುಮಾನಿಸುತ್ತ ಬಡಿದದ್ದು.

"ಅಯ್ಯೋ ಪೆದ್ದ" ಎಂದಳು ಹಿರಿಸೊಸೆ. "ಎರಡು ಬಡೀಬೇಕು ಅಂತ ಅವನಿಗೆ ಗೊತ್ತಿಲ್ಲ. ಹೋಗಿ ಹೇಳಿಕೊಟ್ಟು ಬನ್ನಿ."

ಭಾವ ಚಮಚವನ್ನು ಹೆಂಡತಿಯ ಕೈಗಿಟ್ಟರು. ಆಮೇಲೆ ಪಂಚೆ ಸರಿಮಾಡಿಕೊಂಡು, ಕಾಲಲ್ಲೇ ಇದ್ದ ಚಪ್ಪಲಿಯನ್ನು ಸುತ್ತಲೂ ಹುಡುಕಿ ಹೊರಟರು. ಹಿತ್ತಲ ಬಾಗಿಲ ಚಿಲಕ ತೆಗೆದದ್ದು ಕೇಳಿಸಿತು.

"ಹೋದ್ರಾ?" ಎಂದು ಹಿರಿಸೊಸೆ ಕಣ್ಣು ಮುಚ್ಚಿಯೇ ಕೇಳಿದಳು.

"ಹೋದ್ರು ಅಕ್ಕ" ಎಂದಳು ಕಿರಿಸೊಸೆ. ಕೈ ಬಿಡಲಿಲ್ಲ.