ಶಂಭು ನನ್ನ ಬಾಯಲ್ಲಿಟ್ಟ ಮಾತು

ನಾನೊಂದು ವಿಡಿಯೊ ಕ್ಯಾಸೆಟ್. ಈಗ ಗದಗಿನ ಒಂದು ಮನೆಯಲ್ಲಿ ಹೊಲಿಗೆ ಯಂತ್ರದ ಕುಂಟುಗಾಲಿಗೆ ಆನಿಕೆಯಾಗಿ ಬಿದ್ದಿದ್ದೇನೆ. ಮೇಲೆ ಯಂತ್ರ ಕಟಕಟ ಅಂದಾಗಲೆಲ್ಲ ನನ್ನ ಹಲ್ಲು ಅದುರುತ್ತವೆ. ಆದರೂ ಇದು ನನಗೆ ಆಗಬೇಕಾದ್ದೇ ಅನ್ನಿಸುತ್ತದೆ.

ಹುಟ್ಟಿದಾಗ ನಾನು ಖಾಲಿ. ಯಾವುದೋ ಕಾರ್ಖಾನೆಯಲ್ಲಿ ಕರಿ ರೀಲು ಸುತ್ತಿ, ಡಬ್ಬಿಗೆ ಹಾಕಿ ಮುಂಬಯಿಗೆ ಕಳಿಸಿದರು. ಅಲ್ಲಿ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತು ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಕಾಪಿಯ ಕಾಪಿ ತೆಗೆಯುವ ಜಾಗ ಅದು. ನನ್ನ ಪಕ್ಕದವನಿಗೆ ಹೊಡೆದಾಟದ ಹಿಂದಿ ಸಿನಿಮಾ ಸಿಕ್ಕಿತು. ಅವನು ಮನೆಮನೆ ಸುತ್ತಿ ಆರೇ ತಿಂಗಳಲ್ಲಿ ಸವೆದು ಸತ್ತ. ನನಗೆ ಸಿಕ್ಕಿದ್ದು ಜಪಾನಿನ ಚಿತ್ರ. ಎಲ್ಲವೂ ಕೈಯಿಂದ ಬರೆದ ಚಿತ್ರಗಳು, ಮಾತೆಲ್ಲ ಜಪಾನಿ, ಕೆಳಗೆ ಒಂದು ಅಕ್ಷರವೂ ಇಲ್ಲ.

ಆ ಕಥೆ ಹೇಳಿಬಿಡುತ್ತೇನೆ. ಚಂದ್ರನ ಮೇಲೆ ಒಂದು ಊರು. ಅಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಪುಟ್ಟ ಮಗಳು. ತಾಯಿ ನಕ್ಷತ್ರಗಳ ಕಡೆ ಹೊರಟ ಹಡಗು ಹತ್ತುತ್ತಾಳೆ. ಬಾಗಿಲಲ್ಲಿ ನಿಂತು, ತಿರುಗಿ, ‘ನನ್ನ ದಾರಿ ಕಾಯಬೇಡ, ನಾನು ಬರುವುದಿಲ್ಲ’ ಎನ್ನುತ್ತಾಳೆ. ಮಗಳು ಕೇಳುವುದಿಲ್ಲ. ದಿನಾ ಮಾಳಿಗೆಯ ಮೇಲೆ ದೀಪ ಹಚ್ಚುತ್ತಾಳೆ. ಕೊನೆಗೆ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದು ಆ ದೀಪ ಆರಿಸಿ ಹೊರಟುಹೋಗುತ್ತಾಳೆ. ಆ ಮುದುಕಿ ಬೇರೆ ಯಾರೂ ಅಲ್ಲ, ಅದೇ ಮಗಳು. ಇಷ್ಟೇ. ನನ್ನೊಳಗಿನ ಮಾತಿನ ಅರ್ಥ ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಗದಗಿನಲ್ಲಿ ವಿಡಿಯೊ ಲೈಬ್ರರಿ ಇಟ್ಟಿದ್ದ ಚನ್ನವೀರಯ್ಯ ಮುಂಬಯಿಯಿಂದ ಒಂದು ಚೀಲ ಕ್ಯಾಸೆಟ್ ತಂದಾಗ ಅದರಲ್ಲಿ ನಾನೂ ಬಂದೆ. ಅವನು ಎರಡು ನಿಮಿಷ ನೋಡಿ ನನ್ನ ಬೆನ್ನಿಗೆ ‘ಬೊಂಬೆ ಪಿಚ್ಚರ್, ಮಕ್ಕಳಿಗೆ’ ಎಂಬ ಚೀಟಿ ಅಂಟಿಸಿದ. ಯಾವ ಮಕ್ಕಳೂ ಒಯ್ಯಲಿಲ್ಲ. ಒಯ್ದ ಒಬ್ಬ ಹುಡುಗ ಮಧ್ಯಾಹ್ನವೇ ವಾಪಸ್ ತಂದು ಕೊಟ್ಟ. ನನಗೆ ಆದ ಅವಮಾನ ಅಷ್ಟಿಷ್ಟಲ್ಲ.

ಅಂಗಡಿಯ ಹಿಂದೆಯೇ ಮನೆ. ಚನ್ನವೀರಯ್ಯನ ಕೈ ಜೋರು. ಹೆಂಡತಿ ಸರೋಜವ್ವನನ್ನು ಅವನು ಬಡಿಯುವ ಸದ್ದು ನಾವೆಲ್ಲ ಕಪಾಟಿನಲ್ಲಿ ಸಾಲಾಗಿ ನಿಂತು ಕೇಳುತ್ತಿದ್ದೆವು. ಒಂದು ದಿನ ಅವಳು ಮನೆಬಿಟ್ಟು ಹೋದಳು. ಮಗ ಶಂಭುಗೆ ಆಗ ಹದಿನಾಲ್ಕು, ಮಗಳು ನೀಲಾಗೆ ಆರು. ಹೆಂಡತಿಯ ಹೆಸರು ಎತ್ತಕೂಡದು ಎಂದು ಚನ್ನವೀರಯ್ಯ ಕಟ್ಟುನಿಟ್ಟು ಮಾಡಿದ. ನೀಲಾ ಊಟ ಬಿಟ್ಟಳು, ಮಾತು ಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಅಪ್ಪ ಮಲಗಿದ ಮೇಲೆ ಶಂಭು ತಂಗಿಯನ್ನು ರಮಿಸಲು ನನ್ನನ್ನು ವಿಡಿಯೊ ಯಂತ್ರಕ್ಕೆ ಹಾಕಿದ. ಅವನಿಗೆ ಏನು ಗೊತ್ತು, ಪಾಪ, ಒಳಗೆ ಏನಿದೆ ಎಂದು. ಹಡಗಿನ ಬಾಗಿಲು ಬಂತು. ತಾಯಿ ತಿರುಗಿದಳು. ನೀಲಾ ಎಷ್ಟೋ ದಿನದ ಮೇಲೆ ಬಾಯಿಬಿಟ್ಟು ಕೇಳಿದಳು.

“ಅಣ್ಣಾ, ಅವರವ್ವ ಏನಂತಾಳ?”

ಶಂಭು ಅಪ್ಪ ಮಲಗಿದ್ದ ಕೋಣೆಯ ಕಡೆ ನೋಡಿದ. ಆಮೇಲೆ ಹೇಳಿದ.

“ಬರ್ತೀನಿ ಅಂತಾಳ. ದೀಪಾ ಹಚ್ಚಿಡು, ಬಂದ ಬರ್ತೀನಿ ಅಂತಾಳ.”

ಕೊನೆಯ ಮುದುಕಿಯನ್ನು ತೋರಿಸಿ, ಇಕಿನೇ ಆ ಅವ್ವ, ವಯಸ್ಸಾಗಿ ತಿರುಗಿ ಬಂದಾಳ, ಇನ್ನು ದೀಪ ಬೇಡ ಅಂತ ಆರಿಸ್ತಾಳ ಎಂದು ಸೇರಿಸಿದ. ನೀಲಾ ಎದ್ದು ಹೋಗಿ ಎರಡು ರೊಟ್ಟಿ ತಿಂದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಯಲ್ಲಿ ಅವನು ಸುಳ್ಳು ಇಟ್ಟಿದ್ದ. ಪ್ರತಿ ಭಾನುವಾರ ಅದೇ ಕಥೆ. ಹಡಗಿನ ಬಾಗಿಲು ಬಂದರೆ ನೀಲಾ “ಮತ್ತೊಮ್ಮಿ” ಅನ್ನುವಳು, ಶಂಭು ಹಿಂದಕ್ಕೆ ಸುತ್ತಿ ಮತ್ತೆ ಹಾಕುವನು. ಎಷ್ಟು ಸಲ ಅಂದರೆ ಆ ಜಾಗದಲ್ಲಿ ನನ್ನ ರೀಲು ಸವೆದು, ತಾಯಿಯ ಮುಖದ ಮೇಲೆ ಬಿಳಿ ಗೆರೆಗಳು ಬಿದ್ದವು. ತುಟಿ ಮಾತ್ರ ಆಡುತ್ತಿದ್ದವು. ಸುಳ್ಳಿಗೆ ಅದೂ ಅನುಕೂಲವೇ ಆಯಿತು.

ಹಾಗೆಂದು ಆ ಸುಳ್ಳಿನ ಋಣ ನನ್ನ ಮೇಲೆ ಇಲ್ಲ ಅನ್ನಲಾರೆ. ನನ್ನ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದಿತ್ತು. ಅದು ಮುರಿದರೆ ನಮ್ಮ ಮೇಲೆ ಬೇರೇನೂ ರೆಕಾರ್ಡ್ ಮಾಡಲು ಬರುವುದಿಲ್ಲ. ಆದರೆ ಆ ತೂತಿಗೆ ಟೇಪ್ ಅಂಟಿಸಿದರೆ ಬರುತ್ತದೆ. ಯಾರಿಗೂ ಬೇಡವಾದ ಕ್ಯಾಸೆಟ್ ಎಂದು ಚನ್ನವೀರಯ್ಯ ಒಮ್ಮೆ ಟೇಪ್ ಅಂಟಿಸಿ, ಯಾರದೋ ಮದುವೆಯ ವಿಡಿಯೊ ತುಂಬಲು ನನ್ನನ್ನು ತೆಗೆದಿಟ್ಟ. ನೀಲಾ ನನ್ನನ್ನು ಕದ್ದು ಜೋಳದ ಡಬ್ಬಿಯಲ್ಲಿ ಹೂತಿಟ್ಟಳು. ಅಪ್ಪನಿಂದ ಎರಡೇಟು ತಿಂದರೂ ಬಾಯಿಬಿಡಲಿಲ್ಲ. ನಾನು ಬದುಕಿದ್ದು ಹೀಗೆ.

ಕಾಲ ಉರುಳಿತು. ಸಿ.ಡಿ. ಬಂತು, ಲೈಬ್ರರಿ ಮುಚ್ಚಿತು, ವಿಡಿಯೊ ಯಂತ್ರ ಕೆಟ್ಟಿತು, ಚನ್ನವೀರಯ್ಯ ತೀರಿಕೊಂಡ. ಶಂಭು ಹರಿಹರದಲ್ಲಿ ಕೆಲಸ ಹಿಡಿದು, ಮದುವೆಯಾಗಿ ಅಲ್ಲೇ ಉಳಿದ. ನೀಲಾ ನರ್ಸಿಂಗ್ ಓದಿದಳು. ಕಲಬುರಗಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಹೋಗಲಿಲ್ಲ. ಎರಡು ಒಳ್ಳೆಯ ಸಂಬಂಧ ಬಂದವು, ಒಲ್ಲೆ ಅಂದಳು. ಅವ್ವ ಬಂದರೆ ಈ ಮನೆಗೇ ತಾನೆ ಬರುವುದು, ಬೀಗ ನೋಡಿ ತಿರುಗಿ ಹೋಗಬೇಕೇ ಎಂದು ಕೇಳುತ್ತಿದ್ದಳು. ಹಳೇ ಅಂಗಡಿಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಳು. ಸಂಜೆಯಾದರೆ ಹೊರಬಾಗಿಲ ಬಲ್ಬು ಹಚ್ಚುತ್ತಿದ್ದಳು, ಒಂದು ದಿನವೂ ತಪ್ಪದೆ. ಶಂಭು ಬಂದಾಗಲೆಲ್ಲ ಆ ಬಲ್ಬು ನೋಡಿ, ತಲೆ ತಗ್ಗಿಸಿ ಒಳಗೆ ಬರುತ್ತಿದ್ದ.

ಮೊನ್ನೆ ನಾಗರ ಪಂಚಮಿಗೆ ಅವನು ಬಂದಿದ್ದ. ಹಬ್ಬದ ಸಿಹಿ ಉಂಡಿ ತಿಂದಾದ ಮೇಲೆ ನೀಲಾ ನನ್ನನ್ನು ಕಪಾಟಿನಿಂದ ತೆಗೆದು ಅವನ ಮುಂದಿಟ್ಟಳು. ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿದಳು. ಅವಳು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೆಗೆದ ನನ್ನೊಳಗಿನ ಚಿತ್ರವೇ ಅದರಲ್ಲಿ ಓಡುತ್ತಿತ್ತು, ಗೆರೆ ಇಲ್ಲದೆ, ಹೊಳೆಹೊಳೆಯುತ್ತ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಕನ್ನಡಕ ಹಾಕಿರದ ಶಂಭುಗೆ ಅವು ಕಾಣಲಿಲ್ಲ. ಅವನ ಮುಖ ಅರಳಿತು. ಹಡಗಿನ ಬಾಗಿಲು ಬಂತು. ಏನಂತಾಳ ಹೇಳು ಎಂದು ನೀಲಾ ಕೇಳಿದಳು. ಅವನು ನಗುತ್ತ, ದೀಪಾ ಹಚ್ಚಿಡು ಬರ್ತೀನಿ ಅಂತಾಳ ಎಂದು ಹಳೇ ಪಾಠ ಒಪ್ಪಿಸಿದ.

ನೀಲಾ ಚಿತ್ರ ನಿಲ್ಲಿಸಿ ಕೆಳಗಿನ ಅಕ್ಷರ ಓದಿ ಕನ್ನಡದಲ್ಲಿ ಹೇಳಿದಳು.

“ನನ್ನ ದಾರಿ ಕಾಯಬ್ಯಾಡ. ನಾ ಬರೂದಿಲ್ಲ. ಹಿಂಗ ಬರದಾರ ಇಲ್ಲೆ.”

ಶಂಭುವಿನ ಕೈ ನನ್ನ ಮೇಲಿತ್ತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ. ಜಪಾನಿ ತನಗೆಲ್ಲಿ ಬರುತ್ತಿತ್ತು, ಸಣ್ಣವನಿದ್ದೆ ಎಂದು ಅವನು ಹೇಳಬಹುದಿತ್ತು. ನಾನೂ ಅದನ್ನೇ ಕಾದೆ. ಅವನು ಹಾಗೆ ಹೇಳಲಿಲ್ಲ.

“ಅವ್ವನೂ ಇದನ್ನ ಹೇಳಿದ್ಲು,” ಎಂದ. “ಬಸ್‌ಸ್ಟ್ಯಾಂಡಿಗೆ ಚೀಲಾ ಹೊತ್ಕೊಂಡು ನಾನ ಹೋಗಿದ್ದೆ. ನಾ ತಿರುಗಿ ಬರೂದಿಲ್ಲ, ಕಾಯಬ್ಯಾಡ್ರಿ, ನೀಲಾಗ ನೀನ ಹೇಳು ಅಂದ್ಲು.”

ನೀಲಾ ಅಳಲಿಲ್ಲ.

“ಯಾವಾಗ ಹೇಳಾಂವ ಇದ್ದಿ?”

“ನೀ ದೊಡ್ಡಾಕಿ ಆದ ಮ್ಯಾಲೆ.”

“ನನಗ ನಲವತ್ತು ಆತಣ್ಣ.”

ಅವನು ಊಟಕ್ಕೂ ನಿಲ್ಲದೆ ನಾಲ್ಕರ ಬಸ್ಸಿಗೆ ಹೊರಟುಹೋದ.

ಮೂವತ್ತನಾಲ್ಕು ವರ್ಷ ನಾನು ಆ ಹುಡುಗನ ಮೇಲೆ ಹಲ್ಲು ಕಡಿದಿದ್ದೆ. ನನ್ನ ನಿಜ ಒಂದು ದಿನ ಹೊರಬೀಳಬೇಕು ಎಂದು ಹಂಬಲಿಸಿದ್ದೆ. ಬಿತ್ತು. ಯಾರಿಗೆ ಏನು ಬಂತು? ಅವನ ಸುಳ್ಳು ಆರು ವರ್ಷದ ಕೂಸಿಗೆ ಎರಡು ರೊಟ್ಟಿ ತಿನ್ನಿಸಿತು, ಆಮೇಲೆ ಅವಳ ವಯಸ್ಸನ್ನೆಲ್ಲ ತಿಂದಿತು. ನನ್ನ ನಿಜ ಬಂದಾಗ ತಿನ್ನಲು ಏನೂ ಉಳಿದಿರಲಿಲ್ಲ. ಆ ಸವೆದ ಜಾಗದಲ್ಲೇ ನಾನು ಎಂದೋ ಹರಿದುಹೋಗಿದ್ದರೆ ಚೆನ್ನಾಗಿತ್ತು.

ನೀಲಾ ನನ್ನನ್ನು ಎಸೆಯಲಿಲ್ಲ. ಯಂತ್ರದ ಒಂದು ಕಾಲು ಗಿಡ್ಡವಿತ್ತು, ಅದರಡಿ ತುರುಕಿ, ಕುಪ್ಪಸದ ತೋಳು ಹೊಲಿಯಲು ಕೂತಳು. ಹೊತ್ತು ಮುಳುಗಿತು. ಅವಳು ಎಂದಿನಂತೆ ಎದ್ದು ಹೋಗಿ ಹೊರಬಾಗಿಲ ಗುಂಡಿ ಒತ್ತಿದಳು. ಬಲ್ಬು ಹತ್ತಿತು. ಅವಳು ಗುಂಡಿಯ ಮೇಲಿಂದ ಕೈ ತೆಗೆಯದೆ ಬೀದಿ ನೋಡುತ್ತ ನಿಂತಳು. ನನ್ನೊಳಗಿನ ಮುದುಕಿಗಾದರೆ ದೀಪ ಆರಿಸಲು ಬರುತ್ತಿತ್ತು. ಇವಳು ಬಲ್ಬು ಉರಿಯಲು ಬಿಟ್ಟು ಬಂದು ಕೂತು, ಇನ್ನೊಂದು ತೋಳು ಹೊಲಿದಳು.