ಕೆಂಪತ್ತೆಗೆ ಸೆಖೆಯಾದ ದಿನ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಮಂದಿಯ ದನಿ ಬಲ್ಲವನಿಗೆ ಮಾತ್ರ ಎರಡೂ ತಪ್ಪಿದ್ದಲ್ಲ. ಗಾದೆಗೆ ಬಾಲ ಅಂಟಿಸಿದ್ದಕ್ಕೆ ಹಿರಿಯರು ಬೈದರೆ ಬೈಸಿಕೊಳ್ಳೋಣ. ಕಥೆಗೆ ಮಾತ್ರ ಏನೂ ಅಂಟಿಸಿಲ್ಲ, ನಡೆದದ್ದು ನಡೆದ ಹಾಗೆ.

ಗಿಳಿ ಅಂತ ಒಬ್ಬ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಬ್ಯಾಂಕಿನವರಿಗೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ಕಾಲೇಜು ಮುಗಿಸಿ, ಪದವಿಯನ್ನು ಗೋಡೆಗೆ ತೂಗುಹಾಕಿ, ಅದೇ ಗೋಡೆಗೆ ಬೆನ್ನು ಕೊಟ್ಟು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದ. ಕಾಗದದ ನಕಲು ಅವನ ಕಸುಬು, ಮನುಷ್ಯರ ನಕಲು ಅವನ ಚಟ. ಅಂಚೆಯವನ ಗೊಣಗಾಟ, ಹೆಂಡತಿಯ ಸೋದರಮಾವನ ಸೀನು, ಪ್ರಿನ್ಸಿಪಾಲರ ನಿಟ್ಟುಸಿರು, ಯಾವುದನ್ನು ಕೇಳಿದರೂ ಕೊಡುತ್ತಿದ್ದ. ಎರಡು ಪ್ರತಿ ಬೇಕೆಂದರೆ ಎರಡು.

ಪಕ್ಕದ್ದೇ ಮೇಸ್ತ್ರಿಯ ಗ್ಯಾರೇಜು. ನಡುವಿನ ಗೋಡೆಯಲ್ಲೊಂದು ಕಿಂಡಿ, ಕಿಂಡಿಯಲ್ಲಿ ಗ್ಯಾರೇಜಿನ ಹಳೇ ಫೋನು. ಮೇಸ್ತ್ರಿಯ ಕೈಗೆ ಗ್ರೀಸ್ ಮೆತ್ತಿರುವಾಗೆಲ್ಲ ಅದನ್ನು ಎತ್ತುವುದು ಗಿಳಿ. ಹಗಲಿಡೀ ಕಿವಿಗೆ ಬೀಳುತ್ತಿದ್ದುದರಿಂದ ಮೇಸ್ತ್ರಿಯ ದನಿ ಅವನಿಗೆ ಕರಗತ, ಅಲ್ಲಲ್ಲ, ಕಂಠಗತ. ಮೊದಲು ಒಂದು ಒಣಕೆಮ್ಮು. ಆಮೇಲೆ "ನೋಡಿಯಮ್ಮಾ" ಅಂತ ಒಂದು ರಾಗ. ಆಮೇಲೆ ತೀರ್ಪು.

ಇನ್ನು ಗಿಳಿಯ ಅಕ್ಕ. ಎಳವೆಯಲ್ಲೇ ಕಾಯಿಲೆ ಬಂದು ಅವಳ ಎರಡೂ ಕಾಲು ಸೋತಿದ್ದವು. ಮನೆಯೊಳಗೆ ಊರುಗೋಲು, ಹೊರಗೆ ಕಾರೇ ಕಾಲು. ಹಳೆಯ ಕಾರು. ಅದರ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಯಿಂದಲೇ ಒತ್ತುವಂತೆ ಲೇತ್ ಕೆಲಸದವನೊಬ್ಬ ಲಿವರುಗಳನ್ನು ಮಾಡಿಕೊಟ್ಟಿದ್ದ. ದರ್ಜಿ ತೋಳಿನ ಅಳತೆ ತೆಗೆಯುವಂತೆ ಅವಳ ಮೊಣಕೈ ಅಳೆದು, ಕೂರಿಸಿ ನೋಡಿ, ಉಜ್ಜಿ, ಮತ್ತೆ ಕೂರಿಸಿ ಮಾಡಿದ್ದು. ಆ ಪುಣ್ಯಾತ್ಮ ಈಗಿಲ್ಲ, ಅವನ ಅಂಗಡಿ ಇದ್ದಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಅಕ್ಕ ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಹಾರ್ನ್ ಮೆತ್ತಗೆ ಒಮ್ಮೆ ಒತ್ತಿ ಮುಂದೆ ಹೋಗುತ್ತಾಳೆ. ಆ ಲಿವರುಗಳು ಬೇರೆ ಗಾಡಿಗೆ ಕೂರುವುದಿಲ್ಲ, ಕೂರಿಸಬಲ್ಲವರು ಯಾರೂ ಸಿಕ್ಕಿಯೂ ಇಲ್ಲ. ಎಂಜಿನ್ ಒಮ್ಮೆ ಕಾದು ಹಿಡಿದುಕೊಂಡಿತೆಂದರೆ ಕಾರು ಗುಜರಿಗೆ, ಅಕ್ಕ ಮನೆಗೆ. ಕಾರು ಬರುವ ಮೊದಲು ಗಿಳಿಗೆ ಬಿಡುವಾದಾಗಲೇ ಅವಳಿಗೆ ಬೆಳಗಾಗುತ್ತಿತ್ತು. ಈಗ ಅವಳು ಊರೆಲ್ಲ ಸುತ್ತಿ ವಯಸ್ಸಾದವರ ಕಿವಿ ಮಷೀನು ರಿಪೇರಿ ಮಾಡುತ್ತಾಳೆ. ನೂಲಿನಂಥ ತಂತಿ ಎಲ್ಲಿ ಕಡಿದಿದೆ ಅಂತ ಕಣ್ಣುಮುಚ್ಚಿ ಹೇಳುವ ಕಿವಿ ಅವಳದು.

ಆ ಕಾರಿನಲ್ಲಿ ಒಂದು ಕೆಂಪು ದೀಪ. ಎಂಜಿನ್ನಿನ ನೀರು ಕಾದರೆ ಹತ್ತಿಕೊಳ್ಳುವ ದೀಪ. ಇದಕ್ಕೆ ಮಾತ್ರ ಹೊತ್ತಿಲ್ಲ ಗೊತ್ತಿಲ್ಲ. ಹೇಳದೆ ಬರುತ್ತಿತ್ತು, ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಿತ್ತು, ಯಾರೂ ಮಾತಾಡಿಸದಿದ್ದರೆ ತಾನೇ ಎದ್ದುಹೋಗುತ್ತಿತ್ತು. ಅದಕ್ಕೇ ಮನೆಯವರೆಲ್ಲ ಅದನ್ನು ಕೆಂಪತ್ತೆ ಅನ್ನುತ್ತಿದ್ದರು. ದೀಪ ಹತ್ತಿದಾಗ ಅಕ್ಕ ಡ್ಯಾಶ್‌ಬೋರ್ಡ್ ತಟ್ಟಿ, "ಬನ್ನಿ ಅತ್ತೆ, ಯಾವಾಗ ಹೊರಡ್ತೀರಿ?" ಅಂತ ಕೇಳುವುದು ವಾಡಿಕೆ.

ಮೇಸ್ತ್ರಿ ಸುಮ್ಮನೆ ಕೂತಿರಲಿಲ್ಲ. ಸೆನ್ಸರ್ ಬದಲಾಯಿಸಿದ್ದ, ತಂತಿ ಬದಲಾಯಿಸಿದ್ದ. ಪ್ರತಿ ಸಲ ಬಾನೆಟ್ ಎತ್ತಿ, ಎಂಜಿನ್ನಿಗೆ ನೀರು ಕೊಡುವ ಕೂಲಂಟ್ ಬಾಟಲಿ ನೋಡುತ್ತಿದ್ದ, ಅದು ಗೆರೆಯ ಮಟ್ಟಕ್ಕೆ ಸರಿಯಾಗಿ ತುಂಬಿರುತ್ತಿತ್ತು. ಕೊನೆಗೆ ಕೆಮ್ಮಿ, "ನೋಡಿಯಮ್ಮಾ, ಜ್ವರ ಗಾಡಿಗಲ್ಲ, ದೀಪಕ್ಕೆ" ಅಂದುಬಿಟ್ಟಿದ್ದ. ಕೆಂಪತ್ತೆಯ ಭಯ ಅಲ್ಲಿಗೆ ಹೋಯಿತು.

ಒಂದು ಉರಿಬಿಸಿಲಿನ ಮಧ್ಯಾಹ್ನ, ಕಾರು ಓಡಿಸುತ್ತಲೇ ಸ್ಪೀಕರಿನಲ್ಲಿ ಮಾತಾಡುವ ಅಕ್ಕನ ಕರೆ ಗಿಳಿಯ ಮೊಬೈಲಿಗೆ ಬಂತು.

"ಲೇ, ಏರು ರಸ್ತೆ ಕಡೆ ಹೊರಟಿದೀನಿ, ಅತ್ತೆ ಬಂದು ಕೂತಿದ್ದಾರೆ ಕಣೋ. ತಟ್ಟಿದ್ರೂ ಏಳ್ತಿಲ್ಲ. ಮೇಸ್ತ್ರೀನ ಒಂದು ಮಾತು ಕೇಳು."

"ಮೇಸ್ತ್ರಿ ಲಾರಿ ಕೆಳಗೆ ಮಲಗಿದ್ದಾರೆ. ಎದ್ದ ಮೇಲೆ ಅವರೇ ಫೋನ್ ಮಾಡ್ತಾರೆ ಬಿಡು."

ಮೇಸ್ತ್ರಿ ಎದ್ದಿರಲಿಲ್ಲ. ಗಿಳಿಯೊಳಗಿನ ಚಟ ಎದ್ದಿತ್ತು. ಕಿಂಡಿಯೊಳಗೆ ಕೈ ಹಾಕಿ ಗ್ಯಾರೇಜಿನ ಫೋನು ಎಳೆದುಕೊಂಡು ಅಕ್ಕನ ನಂಬರ್ ಒತ್ತಿದ. ಗಂಟಲು ಸರಿಮಾಡಿಕೊಂಡು, ಮೇಸ್ತ್ರಿಗೇ ಅಸೂಯೆಯಾಗುವಂತೆ ಕೆಮ್ಮಿದ.

"ನೋಡಿಯಮ್ಮಾ, ಗ್ಲಾಸೆಲ್ಲ ಏರಿಸಿ. ಹೀಟರ್ ಫುಲ್ ಇಡಿ. ಗಾಡಿ ಓಡಿಸ್ತಾನೇ ಇರಿ."

"ಈ ಬಿಸಿಲಲ್ಲಿ ಹೀಟರಾ ಮೇಸ್ತ್ರಿ?"

"ಅತ್ತೆಗೆ ಸೆಖೆ ಆಗ್ಬೇಕಲ್ಲಮ್ಮ. ಆದ್ರೆ ತಾನೇ ಎದ್ದು ಹೋಗ್ತಾಳೆ."

"ಅದೂ ಸರಿ ಅನ್ನಿ."

ಫೋನಿಟ್ಟು ಗಿಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿನವರ ಕಿವಿ ರಿಪೇರಿ ಮಾಡುವವಳು ಕಿವಿಯಿಂದಲೇ ಏಮಾರಿದ್ದಳು. ಸಂಜೆ ಹಬೆಯಲ್ಲಿ ಬೆಂದವಳಂತೆ ಬರುವ ಅಕ್ಕನಿಗೆ ಏನು ಹೇಳಬೇಕೆಂದು ಆಗಲೇ ಮಾತು ಜೋಡಿಸತೊಡಗಿದ್ದ. ಅಷ್ಟರಲ್ಲಿ ಗ್ಯಾರೇಜಿನ ಫೋನು ಬಡಿದುಕೊಂಡಿತು. ಅವನು ಕೆಮ್ಮಿಯೇ ಎತ್ತಿದ.

"ಮೇಸ್ತ್ರಿ, ಬೆವರೋದು ಹಾಗಿರಲಿ, ಹೀಟರಿಂದ ತಣ್ಣಗೆ ಗಾಳಿ ಬರ್ತಾ ಇದೆ. ಅದೂ ಕೆಟ್ಟಿದೆಯಾ ಹೇಗೆ?"

ತಮಾಷೆ ಠುಸ್ಸೆಂದಿತು. "ಆಮೇಲೆ ನೋಡೋಣಮ್ಮ, ಓಡಿಸ್ತಾ ಇರಿ" ಅಂತ ಗಿಳಿ ಫೋನಿಟ್ಟ. ಆದರೂ ಅರ್ಧ ತಮಾಷೆಯಾದರೂ ಯಾರಿಗಾದರೂ ಹಂಚದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಗ್ಯಾರೇಜಿಗೆ ನಡೆದು, ಲಾರಿ ಕೆಳಗಿಂದ ಚಾಚಿಕೊಂಡಿದ್ದ ಎರಡು ಕಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ದನಿಯಲ್ಲಿ ಪೂರ್ತಿ ಪ್ರಸಂಗ ನಡೆಸಿಕೊಟ್ಟ. ಲಾರಿ ಕೆಳಗಿಂದ ಮೊದಲು ನಗು ಬಂತು. ಆಮೇಲೆ ನಗು ನಿಂತಿತು.

"ಎಂಥ ಗಾಳಿ ಅಂದ್ರು?"

"ತಣ್ಣಗಿನದು."

ಮೇಸ್ತ್ರಿ ಸರಕ್ಕನೆ ಹೊರಗೆ ಜಾರಿ ಬಂದ. ಮುಖದ ಮೇಲೆ ಮಸಿ ಇತ್ತು, ರಕ್ತ ಇರಲಿಲ್ಲ.

"ಹೀಟರಿಗೆ ಬಿಸಿ ಎಲ್ಲಿಂದ ಬರ್ತದೆ ಅಂದ್ಕೊಂಡೆ? ಅದೇ ಎಂಜಿನ್ ನೀರಿಂದ. ದೀಪ ಕೆಂಪಗಿದ್ದು ಹೀಟರ್ ತಣ್ಣಗಿದ್ರೆ ಒಳಗೆ ನೀರೇ ಇಲ್ಲ ಅಂತ ಅರ್ಥ. ಅಕ್ಕನ ಗಾಡಿ ಬೇಯ್ತಾ ಇದೆ ಕಣಯ್ಯಾ. ನೀನು ಓಡಿಸ್ತಾ ಇರಿ ಅಂದ್ಯಾ?"

ಮೇಸ್ತ್ರಿ ಗ್ರೀಸ್ ಕೈಯಲ್ಲೇ ಫೋನು ಒತ್ತಿದ.

"ಅಮ್ಮಾ, ಗಾಡಿ ನಿಲ್ಸಿ. ಈಗಲೇ ನಿಲ್ಸಿ. ಎಂಜಿನ್ ಆಫ್ ಮಾಡಿ."

ಆ ಕಡೆಯಿಂದ ಕಿಲಕಿಲ ನಗು.

"ಲೇ ಗಿಳಿ, ಸಾಕು ಬಿಡೋ. ಈಗ ತಾನೇ ಅಸಲಿ ಮೇಸ್ತ್ರಿ ಹತ್ರ ಮಾತಾಡಿದೀನಿ. ನಿನ್ನ ನಕಲಲ್ಲಿ ಕೆಮ್ಮೇ ಇಲ್ಲ. ಇನ್ನೂ ಅಭ್ಯಾಸ ಮಾಡು."

ಕರೆ ಕಡಿಯಿತು. ನಿಜವೇ, ಗಾಬರಿಯಲ್ಲಿ ಮೇಸ್ತ್ರಿ ಕೆಮ್ಮುವುದನ್ನು ಮರೆತಿದ್ದ.

ಗಿಳಿ ತನ್ನ ಮೊಬೈಲು ತೆಗೆದ. ಏರು ರಸ್ತೆಯಲ್ಲಿ ಬೇಯುತ್ತಿರುವ ಎಂಜಿನ್ನು ಕಣ್ಣಿಗೆ ಕಟ್ಟಿತು, ಆಮೇಲೆ ಗುಜರಿಗೆ ಬಿದ್ದ ಲಿವರುಗಳು, ಆಮೇಲೆ ಬಾಗಿಲ ಬಳಿ ಊರುಗೋಲು ಇಟ್ಟುಕೊಂಡು ಯಾರು ಬರುತ್ತಾರೋ ಎಂದು ಕಾಯುವ ಅಕ್ಕ. ಯಾವ ದನಿಯಲ್ಲಿ ಹೇಳಿದರೆ ನಂಬುತ್ತಾಳೆ? ಪೊಲೀಸಿನವನದೇ, ಡಾಕ್ಟರದೇ, ತೀರಿಹೋದ ಅಪ್ಪನದೇ? ಎಲ್ಲವೂ ಇದ್ದವು, ಒಂದೂ ಬಾಯಿಗೆ ಬರಲಿಲ್ಲ. ಅವಳು ಎತ್ತಿದಾಗ ಹೊರಟದ್ದು ಅಂಗಡಿಯಲ್ಲಿ ಯಾರೂ ಕೇಳಿರದ ಒಂದು ಸಣ್ಣ, ಒಡಕು ದನಿ.

"ಅಕ್ಕಾ, ನಾನು. ಗಾಡಿ ನಿಲ್ಸು."

ಆ ಕಡೆಯಿಂದ ಇಂಡಿಕೇಟರಿನ ಟಿಕ್ ಟಿಕ್ ಕೇಳಿತು. ಆಮೇಲೆ ಅದು ನಿಂತಿತು.

"ನಿಲ್ಸಿದೆ. ಆಫೂ ಮಾಡಿದೆ. ಏನಾಯ್ತೋ? ಅಳ್ತಿದೀಯಾ?"

"ಇಲ್ಲ. ಅಲ್ಲೇ ಇರು, ಬರ್ತಾ ಇದೀವಿ."

ಸ್ಕೂಟರಿನಲ್ಲಿ ಇಬ್ಬರೂ ಹೋಗಿ ನೋಡಿದರೆ, ಏರಿನ ಅರ್ಧದಲ್ಲಿ, ಒಂದು ಇಸ್ತ್ರಿ ಅಂಗಡಿಯ ಎದುರಿನ ಮರದ ನೆರಳಲ್ಲಿ ಕಾರು ನಿಂತಿತ್ತು. ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹಬೆ. ಅಕ್ಕ ಸೀಟಿನಲ್ಲೇ ಕೂತಿದ್ದಳು. ಮೇಸ್ತ್ರಿ ರೂಢಿಯಂತೆ ಬಾನೆಟ್ ಎತ್ತಿ ಬಾಟಲಿ ನೋಡಿದ. ಗೆರೆಯ ಮಟ್ಟಕ್ಕೆ ತುಂಬಿತ್ತು, ಎಂದಿನಂತೆ. ಅವನು ರೇಡಿಯೇಟರಿನ ಮುಚ್ಚಳದ ಹತ್ತಿರ ಕೈ ಒಯ್ದು, ಕಾವು ತಾಕಿ ಹಿಂದೆಗೆದ. ಬಾನೆಟ್ ಮುಚ್ಚದೆ ಅಕ್ಕನ ಬಾಗಿಲ ಬಳಿ ಬಂದ.

"ಅಮ್ಮಾ, ಇವತ್ತು ನೀವು ಇಳೀಬೇಕು. ಇದು ತಣ್ಣಗಾಗೋ ತನಕ ಕಾಯ್ಬೇಕು."

ಇಸ್ತ್ರಿಯವನು ಕೇಳದೆಯೇ ಕುರ್ಚಿ ತಂದಿಟ್ಟ, ಕುಡಿಯಲು ನೀರು ಕೊಟ್ಟ, ಬಟ್ಟೆಗೆ ಚಿಮುಕಿಸುವ ನೀರಿನ ಬಕೆಟ್ಟನ್ನೂ ಈ ಕಡೆ ಸರಿಸಿದ. ಅಕ್ಕ ಊರುಗೋಲು ಊರಿ ಇಳಿದು ನೆರಳಲ್ಲಿ ಕೂತಳು. ಬಹಳ ಹೊತ್ತು ಕಾದ ಮೇಲೆ ಮೇಸ್ತ್ರಿ ಒದ್ದೆ ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದ. ಒಳಗೆ ಇಣುಕಿದ. ನೀರಿನ ಸುಳಿವಿಲ್ಲ. ಸುರಿದ, ಕುಡಿಯಿತು. ಮತ್ತೆ ಸುರಿದ, ಮತ್ತೆ ಕುಡಿಯಿತು. ಉಪ್ಪು ತಿನ್ನದೆ ಇಷ್ಟು ನೀರು ಕುಡಿದ ಪ್ರಾಣಿಯನ್ನು ಇಸ್ತ್ರಿಯವನು ಅದುವರೆಗೆ ಕಂಡಿರಲಿಲ್ಲ.

ಮೇಸ್ತ್ರಿ ಮುಚ್ಚಳ ಮಗುಚಿ ತೋರಿಸಿದ. ಅದರ ರಬ್ಬರು ಕೊಳೆತು ಹೋಗಿತ್ತು. "ಗಾಡಿ ಆರಿದಾಗ ಈ ಮುಚ್ಚಳ ಬಾಟಲಿಯಿಂದ ನೀರು ಒಳಗೆ ಎಳ್ಕೋಬೇಕು. ಎಳೀತಿರಲಿಲ್ಲ. ಕೆಳಗೆ ಈ ಪೈಪ್ ಬೇರೆ ಜಿನುಗ್ತಾ ಇದೆ. ಒಳಗೆ ಬರಿದು, ಬಾಟಲಿ ತುಂಬಿದ್ದು. ನಾನು ಬಾಟಲಿ ನೋಡಿ ಮೋಸ ಹೋದೆ."

"ಮುಚ್ಚಳ ಯಾಕೆ ಯಾವತ್ತೂ ತೆಗೀಲಿಲ್ಲ ಮೇಸ್ತ್ರಿ?" ಎಂದು ಗಿಳಿ ಕೇಳಿದ.

ಮೇಸ್ತ್ರಿ ಅಕ್ಕನ ಕಡೆ ನೋಡಲಿಲ್ಲ. "ಕಾದಿರೋವಾಗ ತೆಗೆದ್ರೆ ಮುಖ ಸುಡ್ತದೆ. ಆರೋವರೆಗೆ ಇಟ್ಕೋಬೇಕು. ಇವರನ್ನ ಇಳಿಸಿ, ಕೂರಿಸಿ, ಕಾಯಿಸೋದು ಯಾಕೆ, ಪಾಪ, ಬೇಗ ಕಳಿಸೋಣ ಅಂತ ಪ್ರತಿ ಸಲ ಬಿಸಿಯಲ್ಲೇ ನೋಡಿ ಕಳಿಸ್ದೆ."

ಅಕ್ಕ ಸುಮ್ಮನೆ ತಲೆಯಾಡಿಸಿದಳು. "ನಾನೂ ಇಳೀದೆ ಕೆಲಸ ಆಯ್ತಲ್ಲ ಅಂತ ಖುಷಿಯಾಗ್ತಿದ್ದೆ ಮೇಸ್ತ್ರಿ. ಇನ್ಮೇಲೆ ಕಾಯಿಸಿ. ಒಂದು ಒಳ್ಳೇ ಕುರ್ಚಿ ಇಡಿ, ಸಾಕು."

ಇನ್ನು ಉಳಿದದ್ದು ಒಂದೇ ಪ್ರಶ್ನೆ, ಎಂಜಿನ್ ಬದುಕಿದೆಯೋ ಇಲ್ಲವೋ. ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು ನೋಡಿದ. ನೀರು ಬೆರೆತಿದ್ದರೆ ಆಯಿಲ್ ಹಾಲುಹಾಲಾಗಿರಬೇಕಿತ್ತು, ಇದು ಕಪ್ಪಗೆ ಚೊಕ್ಕವಾಗಿತ್ತು. ಕೀಲಿ ತಿರುಗಿಸಿದ. ಒಮ್ಮೆ ನರಳಿ ಸುಮ್ಮನಾಯಿತು. ಎರಡನೆಯ ಸಲ ಹಿಡಿಯಿತು, ತಡವರಿಸಿತು, ಆಮೇಲೆ ಹಳೆಯ ರಾಗಕ್ಕೆ ಬಂದು ಕೂತಿತು. ಎಂಜಿನ್ ಬಿರುಕು ಬಿಟ್ಟಿದ್ದರೆ ಹಿಂದೆ ಬರಬೇಕಿದ್ದ ಬಿಳಿ ಹೊಗೆ ಇಲ್ಲ. ದೀಪವೂ ಇಲ್ಲ. ಸ್ವಲ್ಪ ಹೊತ್ತಿಗೆ ಹೀಟರಿನಿಂದ ಬಿಸಿ ಗಾಳಿ ಬಂತು. ಗಿಳಿ ಅದಕ್ಕೆ ಎರಡೂ ಅಂಗೈ ಒಡ್ಡಿ, ಆ ಬಿಸಿಲಲ್ಲೂ ಹಾಗೇ ನಿಂತಿದ್ದ.

"ಇನ್ನರ್ಧ ಏರು ಹತ್ತಿದ್ರೆ ಮುಗೀತಿತ್ತು," ಎಂದ ಮೇಸ್ತ್ರಿ.

ಅಕ್ಕ ಮೇಸ್ತ್ರಿಗೆ ಕೈ ಮುಗಿದಳು. ಕಣ್ಣು ತುಂಬಿತ್ತು. "ನಿಮ್ಮ ಋಣ ದೊಡ್ಡದು ಮೇಸ್ತ್ರಿ. ಫೋನಲ್ಲೇ ಹೀಟರ್ ಹಾಕ್ಸಿ ಕಾಯಿಲೆ ಕಂಡುಹಿಡಿದ್ರಲ್ಲ. ಅದನ್ನ ಹಾಕದೇ ಇದ್ರೆ ತಣ್ಣಗಾಳಿ ವಿಷಯ ಗೊತ್ತೇ ಆಗ್ತಿರಲಿಲ್ಲ. ಈ ಗಿಳಿ ಬೇರೆ ನಡುವೆ ನಿಮ್ಮ ದನಿ ಮಾಡಿ ಕೆಡಿಸೋಕೆ ನೋಡಿದ."

ಮೇಸ್ತ್ರಿ ಗಿಳಿಯನ್ನು ನೋಡಿದ. ಗಿಳಿ ಇಸ್ತ್ರಿಪೆಟ್ಟಿಗೆಯನ್ನು ನೋಡಿದ. ಆ ಕೃತಜ್ಞತೆ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ.

"ಅಕ್ಕ, ನಿಲ್ಸಿ ಅಂದಿದ್ದು ಇವರು. ಕೆಮ್ಮಿದ್ದು ನಾನು."

"ಏನು?"

"ಹೀಟರ್ ಹಾಕ್ಸಿದ್ದು ನಾನು. ಕಾಯಿಲೆ ಗೀಯಿಲೆ ಏನೂ ಗೊತ್ತಿರಲಿಲ್ಲ. ಸುಮ್ನೆ ನಿನ್ನ ಬೇಯಿಸೋಣ ಅಂತ."

ಅಕ್ಕ ತಮ್ಮನನ್ನು ನೋಡಿದಳು. ಮೇಸ್ತ್ರಿಯನ್ನು ನೋಡಿದಳು. ಆಮೇಲೆ ಮತ್ತೆ ತಮ್ಮನನ್ನು. ಗಿಳಿ ಬೈಗುಳಕ್ಕೆ ಹೆಗಲು ಕುಗ್ಗಿಸಿ ಸಿದ್ಧನಾದ.

"ಅಂದ್ರೆ ನಕಲಿಯವನು ಕೆಮ್ಮಿದ ಅಂತ ನಂಬಿದೆ," ಅಕ್ಕ ನಿಧಾನವಾಗಿ ಬಿಡಿಸಿದಳು, "ಅಸಲಿಯವರು ಕೆಮ್ಮಲಿಲ್ಲ ಅಂತ ಬೈದೆ. ಮೇಸ್ತ್ರಿಗೇ ಮೇಸ್ತ್ರಿ ಥರ ಮಾತಾಡೋದು ಅಭ್ಯಾಸ ಮಾಡು ಅಂದೆ."

"ಹೌದಮ್ಮ," ಎಂದ ಮೇಸ್ತ್ರಿ. "ಸ್ವಲ್ಪ ಬೇಜಾರೂ ಆಯ್ತು."

ಅಕ್ಕನ ತುಟಿ ಮೊದಲು ನಡುಗಿತು. ಆಮೇಲೆ ಭುಜ. ಆಮೇಲೆ ತಡೆದುಕೊಂಡದ್ದೆಲ್ಲ ಒಟ್ಟಿಗೆ ಒಡೆದುಕೊಂಡು, ಊರುಗೋಲು ಕೈಜಾರಿ ಬಿದ್ದು, ಕುರ್ಚಿಯ ಕಾಲು ಕುಣಿದು, ಅದು ಮಗುಚದಂತೆ ಮೇಸ್ತ್ರಿ ಹಿಂದಿನಿಂದ ಹಿಡಿದುಕೊಳ್ಳಬೇಕಾಯಿತು. ಮೇಸ್ತ್ರಿ ನಕ್ಕ, ಏನೂ ತಿಳಿಯದ ಇಸ್ತ್ರಿಯವನೂ ನಕ್ಕ, ಗಿಳಿ ಕಣ್ಣೊರೆಸಿಕೊಂಡು ತನ್ನ ಸ್ವಂತ ದನಿಯಲ್ಲೇ ನಕ್ಕ. ಆದರೆ ಏರಿನ ತುದಿಯವರೆಗೆ ಕೇಳಿದ್ದು ಅಕ್ಕನ ನಗು ಒಂದೇ.